‘ಪಿಚ್’ ಎಂಬುದು ಒಂದು ಪದವೋ, ಒಂದೇ ವೇಷದ ಎರಡು ಪದಗಳೋ?

ಹಾಳೆ ಲೇಖನಿ

ಮಾನ್ಯರೇ, ಕೆರೆಗಳ ದುರಸ್ತಿ ಮತ್ತು ನಿರ್ವಹಣೆಗೆ ಸಂಬಂಧಿಸಿದ ತರಬೇತಿ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸದಲ್ಲಿದ್ದೇನೆ. ಕೆರೆ ಬಳಕೆದಾರರ ಸಂಘಗಳ ಸದಸ್ಯರು ಓದಬೇಕಾದ ಪುಸ್ತಕವಾದ್ದರಿಂದ ಪಾರಿಭಾಷಿಕ ಪದಗಳ ವಿಷಯದಲ್ಲಿ ಎಚ್ಚರ ವಹಿಸಬೇಕಾಗಿದೆ. ಒಂದೇ ಅಧ್ಯಾಯದಲ್ಲಿ ‘ಪಿಚ್’ ಎಂಬ ಪದ ಮೂರು ಕಡೆ ಬಂದಿದೆ. ಏರಿಯ ಒಳಮೈಗೆ ‘ಸ್ಟೋನ್ ಪಿಚಿಂಗ್’ ಮಾಡಬೇಕು ಎಂಬುದು ಮೊದಲನೆಯದು. ಕಾಲುವೆಯ ಕಾಂಕ್ರೀಟ್ ಹಾಸಿನ ಸಂದುಗಳಿಗೆ ‘ಪಿಚ್’ ತುಂಬಬೇಕು ಎಂಬುದು ಎರಡನೆಯದು. ತೂಬಿನ ಗೇಟನ್ನು ಎತ್ತಿ ಇಳಿಸುವ ತಿರುಪಿನ ‘ಪಿಚ್’ ಎಷ್ಟಿರಬೇಕು ಎಂಬುದು ಮೂರನೆಯದು. ಕುತೂಹಲಕ್ಕೆಂದು ಯಂತ್ರಾನುವಾದಕ್ಕೆ ಕೊಟ್ಟು ನೋಡಿದೆ. ಮೊದಲನೆಯದು ‘ಕಲ್ಲು ಎಸೆಯುವುದು’ ಎಂದಾಯಿತು, ಎರಡನೆಯದು ಕ್ರಿಕೆಟ್ ಆಡುವ ಜಾಗವಾಯಿತು, ಮೂರನೆಯದು ಸ್ವರದ ಏರಿಳಿತವಾಯಿತು.

ನನ್ನ ಪ್ರಶ್ನೆ ಎರಡು ಭಾಗದ್ದು. ಇವೆಲ್ಲ ಒಂದೇ ಪದದಿಂದ ಕವಲೊಡೆದ ಅರ್ಥಗಳೇ ಅಥವಾ ಬೇರೆಬೇರೆ ಪದಗಳು ಕಾಕತಾಳೀಯವಾಗಿ ಒಂದೇ ರೂಪಕ್ಕೆ ಬಂದು ನಿಂತಿವೆಯೇ? ಮತ್ತು, ಇವುಗಳಿಗೆಲ್ಲ ಒಪ್ಪುವ ಒಂದು ಕನ್ನಡ ಪದವನ್ನು ಹುಡುಕುವುದರಲ್ಲಿ ಅರ್ಥವಿದೆಯೇ?

ಕೆರೆ ಏರಿ

ನೀರಾವರಿ ಕಾಮಗಾರಿಗಳಲ್ಲಿ ಬಹುಕಾಲ ದುಡಿದು ನಿವೃತ್ತನಾದವನು ನಾನು. ಪದದ ಮೂಲವನ್ನು ಬಲ್ಲವರು ಹೇಳಲಿ. ಮೊದಲನೆಯ ಬಳಕೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಯಂತ್ರವು ‘ಎಸೆಯುವುದು’ ಎಂದು ಹೇಳಿದ್ದು ತಪ್ಪಷ್ಟೇ ಅಲ್ಲ, ಆ ಕೆಲಸಕ್ಕೆ ನೇರ ವಿರುದ್ಧವಾದದ್ದು. ಕಲ್ಲುಗಳನ್ನು ಲಾರಿಯಿಂದ ಸುರಿದು ರಾಶಿ ಹರಡುವ ವಿಧಾನವೊಂದಿದೆ, ಅದನ್ನು ‘ರಿಪ್‌ರ‍್ಯಾಪ್’ ಎನ್ನುತ್ತಾರೆ. ಪಿಚಿಂಗ್ ಎಂದರೆ ಒಂದೊಂದು ಕಲ್ಲನ್ನೂ ಕೈಯಿಂದ ನಿಲ್ಲಿಸಿ ಕೂರಿಸುವುದು. ಕಲ್ಲಿನ ಉದ್ದನೆಯ ಪಾರ್ಶ್ವ ಇಳಿಜಾರಿನ ಮೇಲೆ ಮಲಗಬಾರದು, ಏರಿಯ ಒಳಕ್ಕೆ ಇಳಿಯಬೇಕು. ಕೆಳಗೆ ಜಲ್ಲಿ ಅಥವಾ ಗರಸಿನ ಹಾಸು, ಅದರ ಮೇಲೆ ಸಾಮಾನ್ಯವಾಗಿ 230ರಿಂದ 300 ಮಿಲಿಮೀಟರ್ ದಪ್ಪದ ಕಲ್ಲು, ಸಂದುಗಳಿಗೆ ಸುತ್ತಿಗೆಯಿಂದ ಬಿಗಿಯಾಗಿ ಹೊಡೆದ ಚಕ್ಕೆ ಕಲ್ಲು.

ಇದಕ್ಕೆ ಗಾರೆ ಹಾಕುವುದಿಲ್ಲ ಎಂಬುದನ್ನು ತಾವು ಕೈಪಿಡಿಯಲ್ಲಿ ಒತ್ತಿ ಬರೆಯಬೇಕೆಂದು ವಿನಂತಿ. ಕೆರೆಯ ನೀರು ವೇಗವಾಗಿ ಇಳಿದಾಗ ಏರಿಯ ಮಣ್ಣಿನೊಳಗೆ ಸೇರಿಕೊಂಡಿರುವ ನೀರು ಅಷ್ಟೇ ವೇಗವಾಗಿ ಹೊರಬರಲಾರದು. ಕಲ್ಲಿನ ಸಂದುಗಳು ತೆರೆದಿದ್ದರೆ ಅದು ಮೆಲ್ಲಗೆ ಒಸರಿ ಹೋಗುತ್ತದೆ, ಸಿಮೆಂಟಿನಿಂದ ಮುಚ್ಚಿದ್ದರೆ ಒಳಗಿನ ಒತ್ತಡ ಹೊದಿಕೆಯನ್ನೇ ಹೊರಕ್ಕೆ ತಳ್ಳುತ್ತದೆ. ಚೆಂದ ಕಾಣಲೆಂದು ಸಂದುಗಳಿಗೆ ಸಿಮೆಂಟು ಬಳಿದ ಏರಿಗಳು ಎರಡೇ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ನಿಂತದ್ದನ್ನು ನೋಡಿದ್ದೇನೆ. ಕೆಲಸಗಾರರು ಇದನ್ನು ‘ಪಿಚಿಂಗು’ ಎಂದೇ ಕರೆಯುತ್ತಾರೆ. ‘ರಿವಿಟ್‌ಮೆಂಟ್’ ಎನ್ನುವವರೂ ಇದ್ದಾರೆ. ‘ಏರಿಯ ಕಲ್ಲುಹೊದಿಕೆ’ ಎಂದು ಒಮ್ಮೆ ಬರೆದು, ಅನಂತರ ಪಿಚಿಂಗ್ ಎಂದೇ ಮುಂದುವರಿಸಿದರೆ ಓದುವವರಿಗೆ ತೊಂದರೆಯಾಗದು.

ಪದಮೂಲ

ಮೊದಲ ಪ್ರಶ್ನೆಗೆ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಇಂಗ್ಲಿಷಿನಲ್ಲಿ ‘ಪಿಚ್’ ಎಂಬ ರೂಪದಲ್ಲಿ ಎರಡು ಪದಗಳಿವೆ. ಒಂದು ಕಪ್ಪಗಿನ ಅಂಟುದ್ರವ್ಯದ ಹೆಸರು. ಅದು ಲ್ಯಾಟಿನ್ನಿನ ‘ಪಿಕ್ಸ್’ ಎಂಬುದರಿಂದ ಬಹಳ ಹಿಂದೆಯೇ ಹಳೆಯ ಇಂಗ್ಲಿಷಿಗೆ ‘ಪಿಕ್’ ಎಂಬ ರೂಪದಲ್ಲಿ ಬಂತು. ಜರ್ಮನ್ನಿನ ‘ಪೆಖ್’ ಅದರದೇ ಸೋದರ. ಇನ್ನೊಂದು ಕ್ರಿಯಾಪದ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ಪಿಚ್ಚೆನ್’ ಎಂದಿದ್ದು, ಚೂಪಾದದ್ದನ್ನು ಚುಚ್ಚುವುದು, ನೆಲಕ್ಕೆ ನಾಟುವುದು, ಗಟ್ಟಿಯಾಗಿ ನಿಲ್ಲಿಸುವುದು ಎಂಬ ಅರ್ಥ ಅದಕ್ಕಿತ್ತು. ಈ ಎರಡಕ್ಕೂ ಹುಟ್ಟಿನಿಂದ ಯಾವ ನಂಟೂ ಇಲ್ಲ. ತಮ್ಮ ಮೂರು ಬಳಕೆಗಳಲ್ಲಿ ಸಂದಿಗೆ ತುಂಬುವ ಪಿಚ್ ಮೊದಲನೆಯ ಪದ. ಕಲ್ಲಿನ ಪಿಚಿಂಗ್ ಮತ್ತು ತಿರುಪಿನ ಪಿಚ್ ಎರಡನೆಯದರ ಸಂತಾನ.

ಕನ್ನಡದಲ್ಲಿ ಇದಕ್ಕೆ ಸಮನಾದ ಉದಾಹರಣೆ ಬೇಕೆಂದರೆ ‘ಹತ್ತು’ ಎಂಬುದನ್ನು ನೋಡಬಹುದು. ಎಣಿಕೆಯ ಹತ್ತು ಬೇರೆ, ಮರ ಹತ್ತುವ ಹತ್ತು ಬೇರೆ. ಕನ್ನಡದಲ್ಲಿ ಎರಡೂ ‘ಪತ್ತು’ ಆಗಿ, ಅಲ್ಲಿಂದ ‘ಹತ್ತು’ ಆಗಿ ಬೆರೆತುಹೋದವು. ತಮಿಳಿನಲ್ಲಿ ಇಂದಿಗೂ ಎಣಿಕೆಯದು ‘ಪತ್ತು’, ಅಂಟಿಕೊಳ್ಳುವ, ಹಿಡಿಯುವ ಅರ್ಥದ್ದು ‘ಪಱ್ಱು’ ಎಂದು ಬೇರೆಬೇರೆಯಾಗಿಯೇ ಉಳಿದಿರುವುದರಿಂದ ಇವು ಮೂಲದಲ್ಲಿ ಎರಡು ಪದಗಳೆಂದು ಧೈರ್ಯವಾಗಿ ಹೇಳಬಹುದು. ಆದರೆ ಮರ ಹತ್ತುವುದು, ಬೆಂಕಿ ಹತ್ತುವುದು, ನಿದ್ದೆ ಹತ್ತುವುದು ಇವೆಲ್ಲ ಆ ಎರಡನೆಯ ಪದದ್ದೇ ಅರ್ಥವಿಸ್ತಾರ. ಅಂದರೆ ಒಂದು ಕಡೆ ಎರಡು ಪದಗಳು ಒಂದೇ ವೇಷ ತೊಟ್ಟಿವೆ, ಇನ್ನೊಂದು ಕಡೆ ಒಂದೇ ಪದ ಹಲವು ವೇಷ ಹಾಕಿದೆ. ‘ಪಿಚ್’ನಲ್ಲಿಯೂ ಈ ಎರಡೂ ಸಂಗತಿಗಳು ಒಟ್ಟಿಗೆ ನಡೆದಿವೆ.

ಎರಡನೆಯ ‘ಪಿಚ್’ ಸಾಗಿದ ದಾರಿ ಹೀಗಿದೆ. ಡೇರೆಯ ಗೂಟವನ್ನು ನಾಟುವುದರಿಂದ ಡೇರೆ ಹಾಕುವುದಕ್ಕೆ ಆ ಪದ ಬಂತು. ಕಲ್ಲನ್ನು ನೆಲದಲ್ಲಿ ಕೂರಿಸುವುದಕ್ಕೂ ಬಂತು. ಈಟಿಯನ್ನು ನೆಲಕ್ಕೆ ನಾಟುವಂತೆ ಒಗೆಯುವುದರಿಂದ ‘ಎಸೆಯುವುದು’ ಎಂಬ ಅರ್ಥ ಬೆಳೆಯಿತು. ಎಲ್ಲಿ ನಾಟಿದೆಯೋ ಆ ಬಿಂದು, ಆ ಎತ್ತರ, ಆ ಮಟ್ಟ ಎಂಬ ಕಡೆಗೆ ನಾಮಪದ ಹೊರಳಿದಾಗ ಮಾಡಿನ ಇಳಿಜಾರಿಗೂ ದನಿಯ ಎತ್ತರಕ್ಕೂ ಅದೇ ಹೆಸರು ಸಿಕ್ಕಿತು. ಆದ್ದರಿಂದ ಕೆರೆ ಏರಿಯವರು ವಿವರಿಸಿದ ಕಲ್ಲು ಕೂರಿಸುವ ಕೆಲಸ ಈ ಪದದ ಅತ್ಯಂತ ಹಳೆಯ ಅರ್ಥಕ್ಕೆ ಹತ್ತಿರವಾದದ್ದು. ಯಂತ್ರವು ಅನಂತರ ಬೆಳೆದ ಅರ್ಥವನ್ನು ಹಿಡಿದು ಹಳೆಯದಕ್ಕೆ ಅಂಟಿಸಿತು.

ಭೌತಪ್ರಿಯ

ಮೊದಲನೆಯ ಪಿಚ್ಚಿನ ಬಗ್ಗೆ ಇಲ್ಲಿ ಒಂದೇ ಸಾಲು ಬಂದಿರುವುದು ಅನ್ಯಾಯವೆನಿಸಿತು. ದೇವದಾರು ಜಾತಿಯ ಮರವನ್ನು ಗಾಳಿ ಸೋಕದಂತೆ ಕಾಯಿಸಿದಾಗ ಒಸರುವ ದ್ರವ ‘ಟಾರ್’. ಅದನ್ನು ಇನ್ನಷ್ಟು ಕುದಿಸಿ, ಹಾರಿಹೋಗುವ ಭಾಗಗಳನ್ನು ಕಳೆದ ಮೇಲೆ ಉಳಿಯುವ ಗಟ್ಟಿ ಕಪ್ಪು ಪದಾರ್ಥ ‘ಪಿಚ್’. ಕಲ್ಲಿದ್ದಲಿನ ಟಾರಿನಿಂದಲೂ ಹೀಗೆಯೇ ಪಿಚ್ ದೊರೆಯುತ್ತದೆ. ಮರದ ಹಡಗುಗಳ ಹಲಗೆಗಳ ನಡುವೆ ನಾರು ತುರುಕಿ ಅದರ ಮೇಲೆ ಇದನ್ನು ಹೊಯ್ಯದಿದ್ದರೆ ನೀರು ಒಳಗೆ ಬರುತ್ತಿತ್ತು. ಟ್ರಿನಿಡಾಡ್ ದ್ವೀಪದ ಲಾ ಬ್ರೇಯಾ ಎಂಬಲ್ಲಿ ಸುಮಾರು 100 ಎಕರೆಯ ನೈಸರ್ಗಿಕ ಡಾಂಬರಿನ ಕೆರೆಯೇ ಇದ್ದು, ಅದರ ಹೆಸರು ‘ಪಿಚ್ ಲೇಕ್’. 1595ರಲ್ಲಿ ಅಲ್ಲಿಗೆ ಹೋದ ವಾಲ್ಟರ್ ರ‍್ಯಾಲಿ ತನ್ನ ಹಡಗುಗಳ ಸಂದುಗಳನ್ನು ಮುಚ್ಚಲು ಅಲ್ಲಿನ ಡಾಂಬರನ್ನೇ ಬಳಸಿದ.

ಈ ಪದಾರ್ಥದ ಸ್ವಭಾವ ವಿಚಿತ್ರವಾದದ್ದು. ತಣ್ಣಗಿರುವಾಗ ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುತ್ತದೆ, ಆದರೂ ಅದು ಹರಿಯುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಥಾಮಸ್ ಪಾರ್ನೆಲ್ 1927ರಲ್ಲಿ ಬಿಸಿ ಪಿಚ್ಚನ್ನು ಗಾಜಿನ ಆಲಿಕೆಯಲ್ಲಿ ಹೊಯ್ದು, ಅದು ನೆಲೆಗೊಳ್ಳಲು ಮೂರು ವರ್ಷ ಬಿಟ್ಟು, 1930ರಲ್ಲಿ ಆಲಿಕೆಯ ಕೊಳವೆಯ ತುದಿಯನ್ನು ಕತ್ತರಿಸಿದರು. ಮೊದಲ ಹನಿ ಬಿದ್ದದ್ದು 1938ರಲ್ಲಿ. 2014ರ ಏಪ್ರಿಲ್ ವೇಳೆಗೆ ಒಟ್ಟು ಒಂಬತ್ತು ಹನಿಗಳು ಬಿದ್ದಿದ್ದವು. ಈ ಪಿಚ್ಚಿನ ಸ್ನಿಗ್ಧತೆ, ಅಂದರೆ ಹರಿವಿಗೆ ಒಡ್ಡುವ ತಡೆ, ನೀರಿನದಕ್ಕಿಂತ ಸುಮಾರು 23,000 ಕೋಟಿ ಪಟ್ಟು ಹೆಚ್ಚೆಂದು ಲೆಕ್ಕ ಹಾಕಿದ್ದಾರೆ. ಪಾರ್ನೆಲ್ಲರ ಅನಂತರ ಇದನ್ನು ದಶಕಗಳ ಕಾಲ ನೋಡಿಕೊಂಡ ಜಾನ್ ಮೇನ್‌ಸ್ಟೋನ್ 1988ರಲ್ಲಿ ಏನನ್ನೋ ಕುಡಿಯಲೆಂದು ಎದ್ದು ಹೋದಾಗಲೇ ಹನಿ ಬಿತ್ತು. 2000ದಲ್ಲಿ ಕ್ಯಾಮೆರಾ ಕೈಕೊಟ್ಟಿತು. 2013ರಲ್ಲಿ ಅವರು ತೀರಿಕೊಂಡರು. ಒಂದು ಹನಿ ಬೀಳುವುದನ್ನೂ ಅವರು ಕಣ್ಣಾರೆ ಕಾಣಲಿಲ್ಲ. ಅವರಿಗೂ ಪಾರ್ನೆಲ್ಲರಿಗೂ 2005ರಲ್ಲಿ ಇಗ್ ನೊಬೆಲ್ ಪ್ರಶಸ್ತಿ ಸಂದಿತ್ತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 1944ರಿಂದ ನಡೆಯುತ್ತಿದ್ದ ಇಂಥದೇ ಪ್ರಯೋಗದಲ್ಲಿ ಹನಿ ಬೀಳುವುದು 2013ರ ಜುಲೈನಲ್ಲಿ ವಿಡಿಯೊದಲ್ಲಿ ಸೆರೆಯಾಯಿತು.

ಇದೇ ಪದದ ಇನ್ನೊಂದು ಕವಲು ಖನಿಜಶಾಸ್ತ್ರದಲ್ಲಿದೆ. ಯುರೇನಿಯಂ ಅದಿರಾದ ‘ಪಿಚ್‌ಬ್ಲೆಂಡ್’ ಆ ಹೆಸರು ಪಡೆದದ್ದು ಪಿಚ್ಚಿನಂಥ ಕಪ್ಪು ಹೊಳಪಿನಿಂದ. 1789ರಲ್ಲಿ ಕ್ಲಾಪ್ರೋತ್ ಯುರೇನಿಯಂ ಅನ್ನು ಗುರುತಿಸಿದ್ದು ಈ ಅದಿರಿನಲ್ಲಿ. 1898ರಲ್ಲಿ ಕ್ಯೂರಿ ದಂಪತಿಗಳು ಪೊಲೋನಿಯಂ ಮತ್ತು ರೇಡಿಯಂ ಕಂಡದ್ದೂ ಇದರಲ್ಲಿಯೇ.

ಪದಮೂಲ

ಒಂದು ಸಣ್ಣ ಸೇರ್ಪಡೆ. ಮೊದಲನೆಯ ಪದದಿಂದಲೂ ಒಂದು ಕ್ರಿಯಾಪದ ಹುಟ್ಟಿದೆ, ಪಿಚ್ ಬಳಿಯುವುದು ಎಂಬ ಅರ್ಥದಲ್ಲಿ. 1611ರ ಇಂಗ್ಲಿಷ್ ಬೈಬಲಿನಲ್ಲಿ ನೋಹನಿಗೆ ನಾವೆ ಕಟ್ಟಲು ಹೇಳುವ ವಾಕ್ಯದಲ್ಲಿ ಆ ಪದ ಒಮ್ಮೆ ಕ್ರಿಯೆಯಾಗಿಯೂ ಒಮ್ಮೆ ನಾಮವಾಗಿಯೂ ಬರುತ್ತದೆ. ಹೀಗಾಗಿ ಕ್ರಿಯಾಪದವಾಗಿ ಬಂದ ಮಾತ್ರಕ್ಕೆ ಅದು ಎರಡನೆಯ ಪಿಚ್ ಎಂದು ತೀರ್ಮಾನಿಸುವಂತಿಲ್ಲ.

ಬಲಗೈ ಸ್ಪಿನ್

ಕ್ರಿಕೆಟ್ಟನ್ನು ಯಂತ್ರದ ತಪ್ಪಿಗೆ ಉದಾಹರಣೆಯಾಗಿ ಮಾತ್ರ ಬಿಟ್ಟರೆ ಆ ಆಟಕ್ಕೆ ಮೋಸವಾಗುತ್ತದೆ. ಏಕೆಂದರೆ ಪದಮೂಲ ಅವರು ಹೇಳಿದ ‘ನಾಟುವುದು’ ಮತ್ತು ‘ಎಸೆಯುವುದು’ ಎಂಬ ಎರಡೂ ಅರ್ಥಗಳು ಕ್ರಿಕೆಟ್ಟಿನಲ್ಲಿ ಇಂದಿಗೂ ಅಕ್ಕಪಕ್ಕದಲ್ಲಿ ಬದುಕಿವೆ. 1744ರ ನಿಯಮಾವಳಿ ಆರಂಭವಾಗುವುದೇ ನಾಣ್ಯ ಚಿಮ್ಮಿ, ಗೆದ್ದವರು ಮೊದಲ ವಿಕೆಟ್ಟನ್ನು ಎಲ್ಲಿ ‘ಪಿಚ್’ ಮಾಡಬೇಕೆಂದು ನಿರ್ಧರಿಸುವುದರಿಂದ. ಅಲ್ಲಿ ಪಿಚ್ ಎಂದರೆ ಗೂಟ ನೆಡುವುದು. ಗೂಟ ನೆಟ್ಟ ಎರಡು ಕಡೆಗಳ ನಡುವಣ ನೆಲಕ್ಕೆ ಆ ಹೆಸರು ಬಂದದ್ದು ತರುವಾಯ. ಇಂದಿನ ಆರನೆಯ ನಿಯಮದ ಪ್ರಕಾರ ಅದರ ಉದ್ದ 22 ಗಜ ಅಥವಾ 20.12 ಮೀಟರ್, ಅಗಲ 10 ಅಡಿ ಅಥವಾ 3.05 ಮೀಟರ್. ಬ್ರಿಟನ್ನಿನಲ್ಲಿ ಫುಟ್‌ಬಾಲಿಗೆ ಬಂದರೆ ಇಡೀ ಅಂಗಣವೇ ಪಿಚ್. ಕ್ರಿಕೆಟ್ಟಿನಲ್ಲಿ ನಡುವಿನ ಪಟ್ಟಿ ಮಾತ್ರ.

ಇನ್ನು ಚೆಂಡು ‘ಪಿಚ್ ಆಗುವುದು’ ಎಂದರೆ ನೆಲಕ್ಕೆ ತಾಗುವುದು. ಟಿವಿಯಲ್ಲಿ ಎಲ್‌ಬಿಡಬ್ಲ್ಯು ಮರುಪರಿಶೀಲನೆ ತೋರಿಸುವಾಗ ಮೊದಲ ಸಾಲಿನಲ್ಲಿಯೇ ‘ಪಿಚಿಂಗ್’ ಎಂದು ಬರುತ್ತದೆ. ಚೆಂಡು ಲೆಗ್ ಸ್ಟಂಪಿನ ಹೊರಗೆ ಪಿಚ್ ಆಗಿದ್ದರೆ ಮುಂದಿನ ಯಾವ ಲೆಕ್ಕವೂ ಬೇಕಿಲ್ಲ, ಬ್ಯಾಟರ್ ಔಟಲ್ಲ. ಆಫ್ ಸ್ಟಂಪಿನ ಹೊರಗೆ ಪಿಚ್ ಆದ ಚೆಂಡಿಗೂ ಮೊದಲು ಔಟ್ ಕೊಡುತ್ತಿರಲಿಲ್ಲ. 1935ರಲ್ಲಿ ಪ್ರಯೋಗಕ್ಕೆಂದು ಬದಲಿಸಿ, 1937ರಲ್ಲಿ ನಿಯಮವಾಗಿಯೇ ಸೇರಿಸಿದರು. ಎರಪಳ್ಳಿ ಪ್ರಸನ್ನ ಅವರಂಥ ಆಫ್‌ಸ್ಪಿನ್ನರ್‌ಗೆ ಈ ಬದಲಾವಣೆ ಇಲ್ಲದಿದ್ದರೆ ಎಷ್ಟು ನಷ್ಟವಾಗುತ್ತಿತ್ತೆಂದು ಯೋಚಿಸಿ. ಚೆಂಡನ್ನು ಆಫ್ ಸ್ಟಂಪಿನಾಚೆ ಪಿಚ್ ಮಾಡಿ ಒಳಕ್ಕೆ ತಿರುಗಿಸುವುದೇ ಅವರ ಬೌಲಿಂಗಿನ ಜೀವಾಳ.

ಪಿಚ್ಚಿನ 22 ಗಜದ ಬಗ್ಗೆ ಇನ್ನೊಂದು ಮಾತು, ವಿಷಯಾಂತರವಾದರೆ ಕ್ಷಮಿಸಿ. ಅದು ಭೂಮಾಪನದ ಹಳೆಯ ಗಂಟರ್ ಸರಪಳಿಯ ಉದ್ದ, 66 ಅಡಿ. ನಮ್ಮಲ್ಲಿ ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಆದ್ದರಿಂದ ಎರಡು ಗುಂಟೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಅದರ ಉದ್ದವೇ ಪಿಚ್ಚಿನ ಉದ್ದ. ಹಳ್ಳಿಯ ಹುಡುಗರು ಟೇಪಿಲ್ಲದೆ ಪಿಚ್ ಅಳೆಯಬೇಕಾದರೆ ಪಕ್ಕದ ಹೊಲದ ಸರ್ವೆ ಕಲ್ಲುಗಳು ಕೆಲವೊಮ್ಮೆ ಸಾಕಾಗಬಹುದು.

ತಂಬೂರಿ

ಸಂಗೀತದ ಪಿಚ್ಚಿಗೆ ‘ಸ್ಥಾಯಿ’ ಎಂದು ಬರೆಯುವ ರೂಢಿ ಕೆಲವು ವಿಜ್ಞಾನ ಬರಹಗಳಲ್ಲಿದೆ. ಕೈಪಿಡಿಗೆ ಇದು ಬೇಕಾಗದಿದ್ದರೂ ಚರ್ಚೆ ಇಲ್ಲಿಗೆ ಬಂದಿರುವುದರಿಂದ ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ. ಸಂಗೀತಗಾರರಿಗೆ ಸ್ಥಾಯಿ ಎಂದರೆ ಮಂದ್ರ, ಮಧ್ಯ, ತಾರ ಎಂಬ ಸಪ್ತಕಗಳು. ಒಂದೇ ಸ್ಥಾಯಿಯೊಳಗೆ ಏಳು ಸ್ವರಗಳಿದ್ದು ಏಳಕ್ಕೂ ಬೇರೆಬೇರೆ ಪಿಚ್ ಇರುವಾಗ, ಪಿಚ್ಚನ್ನೇ ಸ್ಥಾಯಿ ಎಂದರೆ ಹಾಡು ಕಲಿಯುವ ಮಗು ಶಾಲೆಯಲ್ಲೊಂದು, ಗುರುಗಳ ಮನೆಯಲ್ಲೊಂದು ಕಲಿಯಬೇಕಾಗುತ್ತದೆ.

ನಮ್ಮಲ್ಲಿ ಹಾಡುವವರು ತಮ್ಮ ಆಧಾರ ಷಡ್ಜವನ್ನು, ಅಂದರೆ ಹಾಡಿಗೆ ನೆಲೆಯಾದ ‘ಸ’ ಸ್ವರವನ್ನು, ಶ್ರುತಿ ಎನ್ನುತ್ತಾರೆ ಮತ್ತು ಅದನ್ನು ಹಾರ್ಮೋನಿಯಮ್ಮಿನ ಮನೆಗಳಿಂದ ಗುರುತಿಸುತ್ತಾರೆ. ಮೊದಲ ಬಿಳಿ ಮನೆ ಒಂದು, ಅದರ ಮುಂದಿನ ಕಪ್ಪು ಒಂದೂವರೆ, ಹೀಗೆ ಏಳರವರೆಗೆ. ಮೂರೂವರೆ ಮನೆ ಎಂಬುದು ಮಾತ್ರ ಇಲ್ಲ, ಏಕೆಂದರೆ ಮೂರನೆಯ ಮತ್ತು ನಾಲ್ಕನೆಯ ಬಿಳಿ ಮನೆಗಳ ನಡುವೆ ಕಪ್ಪು ಮನೆಯಿಲ್ಲ. ಯಕ್ಷಗಾನದ ಭಾಗವತರು ಕಪ್ಪು ಎರಡು, ಬಿಳಿ ಮೂರು ಎಂಬ ಇನ್ನೊಂದು ಲೆಕ್ಕ ಹೇಳುತ್ತಾರೆ. ಸಾಮಾನ್ಯವಾಗಿ ಗಂಡುದನಿ ಒಂದು, ಒಂದೂವರೆ, ಎರಡು ಮನೆಗಳ ಆಸುಪಾಸಿನಲ್ಲಿಯೂ ಹೆಣ್ಣುದನಿ ನಾಲ್ಕೂವರೆ, ಐದು, ಐದೂವರೆಗಳಲ್ಲಿಯೂ ಇರುತ್ತದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಮೇಲೆ ‘ಪಿಚ್’ ಎಂಬ ತಿರುಗುಣಿ ಇದ್ದರೂ ಗುರುಗಳು ಶಿಷ್ಯರಿಗೆ ಹೇಳುವುದು ‘ಶ್ರುತಿ ಸ್ವಲ್ಪ ಏರಿಸು’ ಎಂದೇ ಹೊರತು ‘ಸ್ಥಾಯಿ ಏರಿಸು’ ಎಂದಲ್ಲ.

ಭೌತಪ್ರಿಯ

ತಂಬೂರಿಯವರ ಆಕ್ಷೇಪವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ‘ಸ್ಥಾಯಿ’ ಸರಿಯಿಲ್ಲ ಎಂಬುದು ನಿಜ. ಆದರೆ ‘ಶ್ರುತಿ’ಯೂ ಸರಿಹೊಂದುವುದಿಲ್ಲ. ಶಾಸ್ತ್ರಗ್ರಂಥಗಳ ಪರಂಪರೆಯಲ್ಲಿ ಒಂದು ಸಪ್ತಕದಲ್ಲಿ 22 ಶ್ರುತಿಗಳೆಂದು ಎಣಿಸುತ್ತಾರೆ. ಅಲ್ಲಿ ಅದು ಸೂಕ್ಷ್ಮ ಅಂತರ. ಹಾಡುವವರ ಬಾಯಲ್ಲಿ ಅದು ಆಧಾರ ಷಡ್ಜ. ಭೌತಶಾಸ್ತ್ರಕ್ಕೆ ಬೇಕಾದದ್ದು ಈ ಎರಡೂ ಅಲ್ಲ, ಯಾವುದೇ ಶಬ್ದದ ಬಗ್ಗೆ ನಮ್ಮ ಕಿವಿಗೆ ತೋರುವ ಎತ್ತರ ಅಥವಾ ತಗ್ಗು.

ಇದನ್ನು ಆವರ್ತನ ಎಂದುಬಿಟ್ಟರೆ ಸಾಕು ಎನ್ನುವವರೂ ಇದ್ದಾರೆ, ಅದೂ ಸರಿಯಲ್ಲ. ಆವರ್ತನ ಉಪಕರಣ ಅಳೆಯುವಂಥದ್ದು, ಪಿಚ್ ಕೇಳುವವನ ಅನುಭವ. ಒಂದೂವರೆ ಮನೆಯ ಗಂಡುದನಿಯ ಮಧ್ಯ ಷಡ್ಜ ಸುಮಾರು 138.6 ಹರ್ಟ್ಸ್. ಹಳೆಯ ದೂರವಾಣಿಯ ತಂತಿ 300ರಿಂದ 3,400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಸಾಗಿಸುತ್ತಿತ್ತು. ಅಂದರೆ ಆ ಷಡ್ಜದ ಮೂಲ ಆವರ್ತನ ಆ ತಂತಿಯಲ್ಲಿ ಇರಲೇ ಇಲ್ಲ. ಆದರೂ ಫೋನಿನಲ್ಲಿ ಗುರುಗಳು ಹಾಡಿ ತೋರಿಸಿದರೆ ಶಿಷ್ಯ ಅದೇ ಶ್ರುತಿಯನ್ನು ಹಿಡಿಯುತ್ತಿದ್ದ, ಏಕೆಂದರೆ ದನಿಯಲ್ಲಿ ಜೊತೆಗೇ ಇರುವ, ಮೂಲದ ಎರಡು, ಮೂರು, ನಾಲ್ಕು ಪಟ್ಟಿನ ಆವರ್ತನಗಳ ನಡುವಣ ಅಂತರದಿಂದ ಮಿದುಳು ಇಲ್ಲದ ಮೂಲವನ್ನು ತುಂಬಿಕೊಳ್ಳುತ್ತದೆ. ಹೀಗಿರುವಾಗ ಪಿಚ್ಚಿಗೆ ‘ದನಿಯೆತ್ತರ’ ಎಂಬಂಥ ಹೊಸ ಪದವೇ ಮೇಲು.

ತಂಬೂರಿ

ದನಿಯೆತ್ತರ ಎಂದರೆ ಜನ ಜೋರಾಗಿ ಕೂಗುವುದು ಎಂದು ತಿಳಿಯುತ್ತಾರೆ. ‘ದನಿ ಎತ್ತರಿಸಬೇಡ’ ಎಂದು ಮನೆಯಲ್ಲಿ ಹೇಳುವಾಗ ಪಿಚ್ಚಿನ ಬಗ್ಗೆ ಯಾರೂ ಮಾತಾಡುತ್ತಿರುವುದಿಲ್ಲ. ಶ್ರುತಿಗೆ ಎರಡು ಅರ್ಥಗಳಿದ್ದರೂ ಸಂದರ್ಭ ಬಿಡಿಸಿಕೊಡುತ್ತದೆ. ನಿಮ್ಮ ಪದ ಮೊದಲ ದಿನದಿಂದಲೇ ದಾರಿ ತಪ್ಪಿಸುತ್ತದೆ. ಪಾಶ್ಚಾತ್ಯರಲ್ಲಿಯೂ ಈ ಎತ್ತರ ಎಂದೂ ಸ್ಥಿರವಾಗಿರಲಿಲ್ಲ ಎಂಬುದನ್ನು ಮರೆಯಬೇಡಿ. ಫ್ರಾನ್ಸ್ 1859ರಲ್ಲಿ ‘ಎ’ ಸ್ವರವನ್ನು 435 ಎಂದು ಕಾನೂನಿನಿಂದ ನಿಗದಿ ಮಾಡಿತು. 1939ರ ಲಂಡನ್ ಸಮ್ಮೇಳನ 440 ಎಂದಿತು. ನಮ್ಮ ತಂಬೂರಿಗೆ ಇಂಥ ಸಮ್ಮೇಳನ ಎಂದೂ ಬೇಕಾಗಲಿಲ್ಲ, ಹಾಡುವವರ ಕಂಠವೇ ಅದನ್ನು ನಿರ್ಧರಿಸಿತು.

ಸಂತೆ ಮಾತು

ಬೆಂಗಳೂರಿನ ನವೋದ್ಯಮಗಳಲ್ಲಿ ದಿನಬೆಳಗಾದರೆ ಕೇಳಿಬರುವ ಪಿಚ್ಚನ್ನು ಯಾರೂ ಪ್ರಸ್ತಾಪಿಸಲಿಲ್ಲ. ಹೂಡಿಕೆದಾರರ ಮುಂದೆ ನಿಂತು ತಮ್ಮ ಯೋಜನೆಯನ್ನು ಮನವರಿಕೆ ಮಾಡಿಕೊಡುವ ಭಾಷಣ ಅದು. ಬ್ರಿಟನ್ನಿನಲ್ಲಿ ಬೀದಿ ವ್ಯಾಪಾರಿ ಅಥವಾ ಬೀದಿ ಕಲಾವಿದ ತನ್ನದೆಂದು ಹಿಡಿದುಕೊಂಡ ಜಾಗಕ್ಕೂ ಪಿಚ್ ಎನ್ನುತ್ತಾರೆ. ಗೂಟ ನೆಟ್ಟು ಅಂಗಡಿ ಹಾಕಿದ ಜಾಗ, ಅಲ್ಲಿಂದ ಆ ಜಾಗದಲ್ಲಿ ನಿಂತು ಕೂಗುವ ಮಾತು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಪದಮೂಲ

ಆ ವಿವರಣೆ ಆಕರ್ಷಕವಾಗಿದೆ. ಆದರೆ ಗಿರಾಕಿಯತ್ತ ಮಾತನ್ನು ‘ಎಸೆಯುವುದು’ ಎಂಬ ದಾರಿಯಿಂದಲೂ ಆ ಅರ್ಥ ಬಂದಿರಲು ಸಾಧ್ಯ. ಮಾರಾಟದ ಮಾತು ಎಂಬ ಬಳಕೆ ಅಮೆರಿಕದಲ್ಲಿ 19ನೆಯ ಶತಮಾನದಲ್ಲಿಯೇ ಕಾಣಿಸಿಕೊಂಡಿದ್ದು, ಚೆಂಡೆಸೆಯುವವನನ್ನೇ ‘ಪಿಚರ್’ ಎಂದು ಕರೆಯುವ ಬೇಸ್‌ಬಾಲ್ ಆ ದೇಶದಲ್ಲಿ ಅದೇ ಕಾಲಕ್ಕೆ ಜನಪ್ರಿಯವಾಗುತ್ತಿತ್ತು. ಎರಡೂ ದಾರಿಗಳು ಹೋಗಿ ಸೇರುವುದು ಒಂದೇ ಮೂಲಕ್ಕಾದ್ದರಿಂದ ನಾನು ಇದನ್ನು ಹೆಚ್ಚು ಎಳೆಯುವುದಿಲ್ಲ. ಅಂದಹಾಗೆ ನೀರಿನ ಹೂಜಿಗೆ ಹೇಳುವ ‘ಪಿಚರ್’ ಇವೆರಡಕ್ಕೂ ಸೇರದ ಮೂರನೆಯದು. ಅದು ಹಳೆಯ ಫ್ರೆಂಚಿನಿಂದ ಬಂದದ್ದು.

ನನ್ನನ್ನು ಹೆಚ್ಚು ಆಕರ್ಷಿಸುವುದು ಕನ್ನಡದ ‘ಹೂಡು’ ಎಂಬ ಕ್ರಿಯಾಪದ. ಬಾಣ ಹೂಡುತ್ತೇವೆ, ನೇಗಿಲು ಹೂಡುತ್ತೇವೆ, ಬಿಡಾರ ಹೂಡುತ್ತೇವೆ, ಮೊಕದ್ದಮೆ ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ. ಜೋಡಿಸಿ ನೆಲೆಗೊಳಿಸುವ ಒಂದು ಕ್ರಿಯೆ ಹೊಲದಿಂದ ನ್ಯಾಯಾಲಯದವರೆಗೆ, ಅಲ್ಲಿಂದ ಷೇರುಪೇಟೆಯವರೆಗೆ ನಡೆದಿದೆ. ಡೇರೆ ಹೂಡುವುದು, ಯುದ್ಧ ಹೂಡುವುದು ಇವೆರಡಕ್ಕೂ ಇಂಗ್ಲಿಷಿನಲ್ಲಿ ಪಿಚ್ ಬಳಕೆಯಾಗುತ್ತದೆ ಎಂಬುದನ್ನು ಗಮನಿಸಿ. ಎರಡೂ ಕಡೆ ವ್ಯೂಹ ಕಟ್ಟಿ ನಿಂತು ಮಾಡುವ ಕಾಳಗಕ್ಕೆ ‘ಪಿಚ್ಡ್ ಬ್ಯಾಟಲ್’ ಎಂದು ಹೆಸರು. ಇಷ್ಟು ಹತ್ತಿರದ ಪದ ಸಿಕ್ಕಿತೆಂದು ‘ಕಲ್ಲು ಹೂಡುವುದು’, ‘ತಿರುಪಿನ ಹೂಟ’ ಎಂದು ಬರೆಯಲು ಹೊರಟರೆ ಮಾತ್ರ ನಗೆಪಾಟಲಾಗುತ್ತದೆ. ಎರಡು ಭಾಷೆಗಳ ಪದಗಳು ಒಂದೇ ಊರಿನಿಂದ ಹೊರಟರೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ಲೇತ್ ಪಕ್ಕದವ

ಐಟಿಐ ಒಂದರಲ್ಲಿ ಫಿಟ್ಟರ್ ವಿಭಾಗಕ್ಕೆ ಪಾಠ ಹೇಳುತ್ತೇನೆ. ತಿರುಪಿನ ಪಿಚ್ ಎಂದರೆ ಒಂದು ಥ್ರೆಡ್ಡಿನ ತುದಿಯಿಂದ ಪಕ್ಕದ ಥ್ರೆಡ್ಡಿನ ತುದಿಗೆ ಇರುವ ದೂರ. ಎಂ8 ಬೋಲ್ಟಿನ ಸಾಮಾನ್ಯ ಪಿಚ್ 1.25 ಮಿಲಿಮೀಟರ್, ಎಂ10ರದ್ದು 1.5, ಎಂ12ರದ್ದು 1.75. ಇಂಚಿನ ಪದ್ಧತಿಯಲ್ಲಿ ದೂರವನ್ನು ಹೇಳುವ ಬದಲು ಒಂದಿಂಚಿನಲ್ಲಿ ಎಷ್ಟು ಥ್ರೆಡ್ ಎಂದು ಎಣಿಸುತ್ತಾರೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಇದಕ್ಕೊಂದು ಶಿಸ್ತು ತರುವ ಮೊದಲು ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಹಿಡಿಯುವ ಭರವಸೆ ಇರಲಿಲ್ಲ.

ಇದೇ ಅರ್ಥ, ಅಂದರೆ ಒಂದೇ ಬಗೆಯ ವಸ್ತುಗಳು ಸಾಲಾಗಿರುವಾಗ ಒಂದರಿಂದ ಇನ್ನೊಂದಕ್ಕಿರುವ ಸಮಾನ ಅಂತರ ಎಂಬ ಅರ್ಥ, ಕಾರ್ಯಾಗಾರದಿಂದ ಹೊರಗೂ ಹರಡಿದೆ. ಬೈಕಿನ ಚೈನಿನ ಮೇಲೆ 428 ಎಂದಿದ್ದರೆ ಮೊದಲ ಅಂಕಿ 4 ಎಂಬುದು ಪಿಚ್ ನಾಲ್ಕೆಂಟನೆಯ ಇಂಚು, ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್ ಎಂಬುದನ್ನು ಹೇಳುತ್ತದೆ. 520 ಎಂದಿದ್ದರೆ ಐದೆಂಟನೆಯ ಇಂಚು. ಅಂಗಡಿಗಳ ಮುಂದೆ ಅಕ್ಷರ ಓಡುವ ಎಲ್‌ಇಡಿ ಫಲಕಕ್ಕೆ ‘ಪಿ10’ ಎನ್ನುವುದೂ ಇದರಿಂದಲೇ, ದೀಪದಿಂದ ದೀಪಕ್ಕೆ 10 ಮಿಲಿಮೀಟರ್. ಮದುವೆ ಮಂಟಪದಲ್ಲಿ ಹತ್ತಿರದಿಂದ ನೋಡುವ ಪರದೆಗೆ ಪಿ3ರಂಥ ಕಡಿಮೆ ಅಂತರದ್ದೇ ಬೇಕು. ಇವೆಲ್ಲಕ್ಕೂ ‘ಅಂತರ’ ಎಂಬ ಪದ ಸಾಕು ಎನ್ನಬಹುದು, ಆದರೆ ಎರಡು ಬೋಲ್ಟುಗಳ ನಡುವಿನ ಅಂತರವೂ ಅಂತರವೇ. ಹುಡುಗರು ‘ಪಿಚ್ಚು’ ಎಂದರೆ ಗೊಂದಲವಿಲ್ಲದೆ ಗೇಜು ತೆಗೆದು ಅಳೆಯುತ್ತಾರೆ.

ಕೆರೆ ಏರಿ

ಗಾಳಿಯಂತ್ರ ಮತ್ತು ಹೆಲಿಕಾಪ್ಟರುಗಳ ರೆಕ್ಕೆಗೆ ಹೇಳುವ ಪಿಚ್ ಇದೇ ತಿರುಪಿನದೇ? ಚಿತ್ರದುರ್ಗದ ಕಡೆ ಗಾಳಿಯಂತ್ರಗಳ ನಿರ್ವಹಣೆಯವರು ‘ಪಿಚ್ ಮೋಟಾರು ಕೆಟ್ಟಿದೆ’ ಎನ್ನುವುದನ್ನು ಕೇಳಿದ್ದೇನೆ.

ಲೇತ್ ಪಕ್ಕದವ

ಬಹುಮಟ್ಟಿಗೆ ಹೌದು, ಸರ್. ವಿಮಾನದ ಪ್ರೊಪೆಲರನ್ನು ಗಾಳಿಯೊಳಗೆ ಕೊರೆದು ಸಾಗುವ ತಿರುಪೆಂದು ಭಾವಿಸಿ, ಒಂದು ಸುತ್ತಿಗೆ ಎಷ್ಟು ಮುಂದೆ ಸಾಗಬೇಕು ಎಂಬುದನ್ನು ಪಿಚ್ ಎಂದರು. ರೆಕ್ಕೆ ಎಷ್ಟು ಓರೆಯಾಗಿದೆ ಎಂಬುದರ ಮೇಲೆ ಅದು ನಿಂತಿರುವುದರಿಂದ ಕ್ರಮೇಣ ಆ ಓರೆಯ ಕೋನಕ್ಕೇ ಆ ಹೆಸರಾಯಿತು. ಗಾಳಿ ಅತಿಯಾದಾಗ ರೆಕ್ಕೆಯನ್ನು ತನ್ನ ಬುಡದಲ್ಲಿ ತಿರುಗಿಸಿ ಗಾಳಿಯ ಹಿಡಿತ ತಪ್ಪಿಸುವುದೇ ಆ ಮೋಟಾರಿನ ಕೆಲಸ. ಆದರೆ ವಿಮಾನದ ಮೂತಿ ಮೇಲೆ ಕೆಳಗೆ ಆಡುವುದಕ್ಕೂ ಪಿಚ್ ಎನ್ನುತ್ತಾರಲ್ಲ, ಅದು ಬೇರೆ ಕವಲು. ಅಲೆಯಲ್ಲಿ ಹಡಗಿನ ಮುಂಭಾಗ ಎದ್ದು ಬೀಳುವುದಕ್ಕೆ ನಾವಿಕರು ಬಳಸುತ್ತಿದ್ದ ಮಾತು ವಿಮಾನಕ್ಕೆ ಬಂದದ್ದು.

ಹಾಳೆ ಲೇಖನಿ

ಎಲ್ಲರಿಗೂ ಕೃತಜ್ಞತೆಗಳು. ಸದ್ಯಕ್ಕೆ ನಾನು ಬಂದಿರುವ ತೀರ್ಮಾನ ಇದು: ಒಂದೇ ಪದಕ್ಕಾಗಿ ಹುಡುಕುವುದನ್ನು ಬಿಟ್ಟು, ಏರಿಯ ಕಲ್ಲುಹೊದಿಕೆ ಅಥವಾ ಪಿಚಿಂಗ್, ಸಂದಿಗೆ ತುಂಬುವ ಡಾಂಬರು, ತಿರುಪಿನ ಪಿಚ್ ಎಂದು ಮೂರಕ್ಕೂ ಆಯಾ ಕೆಲಸದವರ ಮಾತನ್ನೇ ಬಳಸುತ್ತೇನೆ. ಎರಡನೆಯದಕ್ಕೆ ‘ರಾಳ’ ಎನ್ನಬಹುದೇ ಎಂಬ ಅನುಮಾನವಿದೆ. ಇನ್ನೊಂದು: ಮೂಲದಲ್ಲಿ ‘ಪಿಚ್ 6 ಮಿ.ಮೀ., ಎರಡು ಸ್ಟಾರ್ಟ್’ ಎಂದಿದೆ. ಗೇಟನ್ನು 600 ಮಿಲಿಮೀಟರ್ ಎತ್ತಲು 100 ಸುತ್ತು ಎಂದು ಬರೆದರೆ ಸರಿಯೇ?

ಭೌತಪ್ರಿಯ

ರಾಳ ಬೇಡ. ರಾಳವೆಂದರೆ ಮರದಿಂದ ಒಸರಿ ಗಟ್ಟಿಯಾದ ಅಂಟು, ನಮ್ಮ ಘಟ್ಟದ ಧೂಪದ ಮರದಿಂದ ಇಳಿಸುವಂಥದ್ದು. ಪಿಚ್ ಸುಟ್ಟು ಬಟ್ಟಿಯಿಳಿಸಿದ ಮೇಲೆ ಉಳಿಯುವ ಶೇಷ. ಇಂದು ಕಾಲುವೆಯ ಸಂದುಗಳಿಗೆ ಬಳಸುವುದು ಹೆಚ್ಚಾಗಿ ಪೆಟ್ರೋಲಿಯಂ ಮೂಲದ ಬಿಟುಮೆನ್. ಜನ ಅದನ್ನು ಡಾಂಬರು ಎಂದೇ ಕರೆಯುವುದರಿಂದ ತಮ್ಮ ಆಯ್ಕೆ ಸರಿಯಾಗಿದೆ.

ಲೇತ್ ಪಕ್ಕದವ

ಸುತ್ತಿನ ಲೆಕ್ಕ ಸರಿಯಲ್ಲ. ತಿರುಪಿನಲ್ಲಿ ಒಂದೇ ಥ್ರೆಡ್ ಸುತ್ತಿಕೊಂಡು ಹೋಗಿದ್ದರೆ ಒಂದು ಸುತ್ತಿಗೆ ಪಿಚ್ಚಿನಷ್ಟೇ ಸಾಗುತ್ತದೆ. ಎರಡು ಸ್ಟಾರ್ಟ್ ಎಂದರೆ ಎರಡು ಥ್ರೆಡ್‌ಗಳು ಜೊತೆಜೊತೆಯಾಗಿ ಸುತ್ತಿರುತ್ತವೆ. ಆಗ ಒಂದು ಸುತ್ತಿಗೆ ಸಾಗುವ ದೂರ ಪಿಚ್ಚಿನ ಎರಡರಷ್ಟು, ಅದನ್ನು ‘ಲೀಡ್’ ಎನ್ನುತ್ತೇವೆ. 6 ಮಿಲಿಮೀಟರ್ ಪಿಚ್, ಎರಡು ಸ್ಟಾರ್ಟ್ ಎಂದರೆ ಲೀಡ್ 12 ಮಿಲಿಮೀಟರ್. ಆದ್ದರಿಂದ 600 ಮಿಲಿಮೀಟರ್ ಎತ್ತಲು ತಿರುಪು ತಿರುಗಬೇಕಾದದ್ದು 50 ಸುತ್ತು. ಕೈಚಕ್ರ ಮತ್ತು ತಿರುಪಿನ ನಡುವೆ ಗೇರ್ ಇದ್ದರೆ ಕೈಯಿಂದ ತಿರುಗಿಸುವ ಸುತ್ತುಗಳು ಅದಕ್ಕೆ ತಕ್ಕಂತೆ ಹೆಚ್ಚುತ್ತವೆ. ಮೂಲದ ನಕ್ಷೆಯಲ್ಲಿ ಗೇರಿನ ಅನುಪಾತ ಕೊಟ್ಟಿದ್ದಾರೆಯೇ ನೋಡಿ ಬರೆಯಿರಿ.